ಗೆದ್ದ ಪರೀಕ್ಷೆ, ವಾಪಸ್ ಬಂದ ಗಾಡಿಗಳು: ಮೊದಲ ಕಾಲದ ಒಬ್ಬ ಟ್ರ್ಯಾಕ್ಟರ್ ಕಟ್ಟಿದವನ ಪ್ರಕರಣ

ಮಾರಿದ್ದು ಎರಡು ಗಾಡಿ. ಎರಡೂ ವಾಪಸ್ ಬಂದವು.

ಅಮೆರಿಕದ ಅಯೋವಾ ರಾಜ್ಯದಲ್ಲಿ ವಾಟರ್ಲೂ ಅಂತ ಒಂದು ಪಟ್ಟಣ ಇದೆ. ಅಲ್ಲಿ 1893ರಲ್ಲಿ ಶುರುವಾದ ಒಂದು ಕಂಪನಿಯ ಮೊದಲ ಟ್ರ್ಯಾಕ್ಟರ್ ವ್ಯಾಪಾರದ ಲೆಕ್ಕ ಇಷ್ಟೇ. ಆ ಟ್ರ್ಯಾಕ್ಟರ್ ಕಟ್ಟಿದ ಮನುಷ್ಯನೇ ಕಂಪನಿಯ ಅಧ್ಯಕ್ಷ. ಎರಡು ವರ್ಷ ಕಳೆಯುವಷ್ಟರಲ್ಲಿ ಆತ ಕಂಪನಿ ಬಿಟ್ಟು ಹೊರಟ. ಶುರುವಾದ 25 ವರ್ಷಕ್ಕೆ ಅದೇ ಕಂಪನಿಯನ್ನು ನೇಗಿಲು ಮಾಡುತ್ತಿದ್ದ ಜಾನ್ ಡಿಯರ್ ಕಂಪನಿಯವರು ಇಪ್ಪತ್ತು ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟು ಕೊಂಡರು.

ಆ ಮನುಷ್ಯನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಹೆಸರು ಬಂದರೆ ಅದರ ಹಿಂದೆಯೇ ದೊಡ್ಡ ದೊಡ್ಡ ಬಿರುದುಗಳೂ ಬರುತ್ತವೆ. ಆಮೇಲೆ ಆತ ಎಲ್ಲಿ ಸರಿಯಾಗಿ ಯೋಚಿಸಿದ, ಎಲ್ಲಿ ಎಡವಿದ ಅಂತ ತೂಗಿ ನೋಡೋಕೆ ಮನಸ್ಸು ಬರುವುದಿಲ್ಲ. ನನಗೆ ಬೇಕಾಗಿರುವುದು ಆತನ ತೀರ್ಮಾನಗಳು. ಅದಕ್ಕೇ ಆತನ ಹೆಸರೂ ಬೇಡ, ಜೊತೆಗಾರರ ಹೆಸರೂ ಬೇಡ. ಊರು, ಇಸವಿ, ಯಂತ್ರ ಎಲ್ಲವೂ ನಡೆದದ್ದೇ.

ಹಿನ್ನೆಲೆ

ಆತ ಹುಟ್ಟಿದ್ದು 1849ರಲ್ಲಿ, ಅಯೋವಾದ ಈಶಾನ್ಯ ಮೂಲೆಯಲ್ಲಿ. ಜರ್ಮನಿಯಿಂದ ಬಂದು ನೆಲೆ ನಿಂತ ಮನೆತನ. ಅಲ್ಲಿನ ಒಂದು ಪುಟ್ಟ ಊರಿಗೆ ಹೆಸರು ಬಂದದ್ದೂ ಆ ಮನೆತನದಿಂದಲೇ. ಆತ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನಲ್ಲ. ಧಾನ್ಯ ತುಂಬಿಡುವ ಎತ್ತರದ ಗೋದಾಮು ನಡೆಸುತ್ತಿದ್ದ, ಬಾವಿ ಕೊರೆಸುತ್ತಿದ್ದ. ಸುಗ್ಗಿ ಬಂತೆಂದರೆ ಹಬೆ ಎಂಜಿನ್, ರಾಶಿ ಮಿಷನ್ ಮತ್ತು ಆಳುಗಳ ತಂಡ ಕಟ್ಟಿಕೊಂಡು ಅಯೋವಾದಿಂದ ಡಕೋಟಾ ಬಯಲಿನವರೆಗೆ ಹೋಗುತ್ತಿದ್ದ. ಹೊಲದಿಂದ ಹೊಲಕ್ಕೆ ಹೋಗಿ ರೈತರ ಬೆಳೆ ಒಕ್ಕಿಕೊಟ್ಟು ಕೂಲಿ ತಗೊಳ್ಳುವುದು ಆತನ ಕಸುಬು.

ಈ ಕಸುಬು ನಮಗೆ ಹೊಸದಲ್ಲ. ಸುಗ್ಗಿಯಲ್ಲಿ ಬಾಡಿಗೆಗೆ ರಾಶಿ ಮಿಷನ್ ಬಿಡುವವರು ನಮ್ಮ ಕಡೆಯೂ ಇದ್ದಾರಲ್ಲ, ಹಾಗೇ. ಅವರಿಗೆ ಮಿಷನ್ ನಿಂತ ಒಂದೊಂದು ಗಂಟೆಯೂ ನಷ್ಟ. ಆಳುಗಳಿಗೆ ಊಟ ಹಾಕಲೇಬೇಕು, ಕೂಲಿ ಕೊಡಲೇಬೇಕು. ಮಳೆ ಬಂದರೆ, ಹಿಮ ಬಿದ್ದರೆ ಆ ವರ್ಷದ ದುಡಿಮೆ ಮುಗಿದ ಹಾಗೆ. ಆತನ ಟ್ರ್ಯಾಕ್ಟರಿನ ಹಿಂದೆ ಇರುವುದು ಈ ಹೊಟ್ಟೆಪಾಡಿನ ಲೆಕ್ಕ. ಸುಮ್ನೆ ಹವ್ಯಾಸಕ್ಕೆ ಕಟ್ಟಿದ್ದಲ್ಲ.

ಹಬೆಯ ಕಾಟ

ಆಗಿನ ಹಬೆ ಎಂಜಿನ್ ಅಂದರೆ ಚಕ್ರದ ಮೇಲೆ ಕೂರಿಸಿದ ಬಾಯ್ಲರ್. ಬೆಳಗ್ಗೆ ಕೆಲಸ ಶುರುವಾಗಬೇಕಾದರೆ ಕೋಳಿ ಕೂಗುವ ಹೊತ್ತಿಗೆ ಒಬ್ಬ ಎದ್ದು ಬೆಂಕಿ ಹಾಕಬೇಕು. ಹಬೆ ಏರುವ ತನಕ ಕಾಯಬೇಕು. ಆಮೇಲೆ ದಿನವಿಡೀ ಒಬ್ಬ ಒಲೆಗೆ ಹುಲ್ಲೋ ಕಲ್ಲಿದ್ದಲೋ ತುಂಬುತ್ತಿರಬೇಕು, ಇನ್ನೊಬ್ಬ ಕುದುರೆಗಾಡಿಯಲ್ಲಿ ನೀರು ಹೊಡೆಯುತ್ತಿರಬೇಕು. ಡಕೋಟಾ ಬಯಲಿನಲ್ಲಿ ಸೌದೆಗೆ ಮರ ಇಲ್ಲ, ನೀರು ದೂರ, ಕಲ್ಲಿದ್ದಲು ಇನ್ನೂ ದೂರ.

ಎಲ್ಲಕ್ಕಿಂತ ದೊಡ್ಡ ಭಯ ಕಿಡಿ. ಗಾಳಿ ಜೋರಾಗಿ ಬೀಸುವ ಬಯಲು. ಒಣಗಿದ ಗೋಧಿಯ ಮೆದೆ ಪಕ್ಕದಲ್ಲೇ ಇರುತ್ತದೆ, ಹುಲ್ಲಿನ ಬಣವೆ ಕಣ್ಣೆದುರೇ ಏಳುತ್ತಿರುತ್ತದೆ. ಬಾಯ್ಲರ್ ಚಿಮಣಿಯಿಂದ ಒಂದು ಕಿಡಿ ಹಾರಿದರೆ ಸಾಕು, ವರ್ಷದ ಬೆಳೆ ಬೂದಿ. ಕಣದಲ್ಲಿ ಬೀಡಿ ಹಚ್ಚಿದವನನ್ನು ನಮ್ಮ ಹಿರಿಯರು ಯಾಕೆ ಬೈದು ಓಡಿಸುತ್ತಿದ್ದರು ಅಂತ ಗೊತ್ತಿರುವವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ.

ಆತನ ಹತ್ತಿರ ಇನ್ನೊಂದು ಯಂತ್ರವೂ ಇತ್ತು. ಬಾವಿ ಕೊರೆಯುವ ರಿಗ್ಗಿಗೆ ಚಾರ್ಟರ್ ಕಂಪನಿಯ ನಾಲ್ಕೂವರೆ ಎಚ್‌ಪಿಯ ಪೆಟ್ರೋಲ್ ಎಂಜಿನ್ ಕೂರಿಸಿದ್ದ. ಅದಕ್ಕೆ ಬಾಯ್ಲರ್ ಬೇಡ, ಬೆಂಕಿ ಕಾಯುವ ಆಳು ಬೇಡ. ಬೇಕೆಂದಾಗ ಚಾಲೂ ಮಾಡಿ, ಬೇಡವಾದಾಗ ನಿಲ್ಲಿಸಬಹುದು. ಒಂದು ಕಸುಬಿನಲ್ಲಿ ಕಂಡ ಅನುಕೂಲವನ್ನು ಇನ್ನೊಂದು ಕಸುಬಿಗೆ ತರುವುದು ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿ. ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇದು.

ಪೆಟ್ರೋಲ್ ಎಂಜಿನ್ನನ್ನು ಚಕ್ರದ ಮೇಲೆ ಕೂರಿಸಿ ಓಡಿಸಿದವರಲ್ಲಿ ಆತನೇ ಮೊದಲಿಗನಲ್ಲ ಅನ್ನುವುದನ್ನೂ ಹೇಳಬೇಕು. ಅದೇ ಚಾರ್ಟರ್ ಕಂಪನಿ 1889ರಲ್ಲೇ ಅದನ್ನು ಮಾಡಿತ್ತು. ಹಾಗಾದರೆ ಈತನ ಹೆಚ್ಚುಗಾರಿಕೆ ಏನು? ಅದು ಗೇರಿನಲ್ಲಿದೆ.

ಕಮ್ಮಾರನ ಜೊತೆ ಕಟ್ಟಿದ್ದು

1892ರಲ್ಲಿ ಆತ ಕಮ್ಮಾರನೊಬ್ಬನನ್ನು ಜೊತೆಗೆ ಸೇರಿಸಿಕೊಂಡು ಕೆಲಸ ಶುರು ಮಾಡಿದ. ಹೊಸದಾಗಿ ಎಂಜಿನ್ ಎರಕ ಹೊಯ್ಯುವ ಗೋಜಿಗೆ ಹೋಗಲಿಲ್ಲ. ಸಿನ್ಸಿನಾಟಿಯ ವ್ಯಾನ್ ಡ್ಯೂಜೆನ್ ಎಂಜಿನ್ ತರಿಸಿದ. ಚಕ್ರ ಮತ್ತು ಅದರ ಗೇರುಗಳನ್ನು ರಾಬಿನ್ಸನ್ ಕಂಪನಿಯ ಹಬೆ ಎಂಜಿನ್‌ನಿಂದ ತಗೊಂಡ. ಎರಡಕ್ಕೂ ಹೊಂದಿಕೆ ಇಲ್ಲ. ನಡುವೆ ಬೇಕಾದ ಭಾಗಗಳನ್ನೆಲ್ಲ ತಾವೇ ಮಾಡಿಕೊಳ್ಳಬೇಕಾಯಿತು.

ಆ ಎಂಜಿನ್ ಹೇಗಿತ್ತು ಅಂತ ಒಂದು ಕ್ಷಣ ಕಣ್ಣಿಗೆ ತಂದುಕೊಳ್ಳಿ. ನೆಟ್ಟಗೆ ನಿಂತ ಒಂದೇ ಸಿಲಿಂಡರ್. ಅದರ ಅಗಲ 14 ಇಂಚು, ಪಿಸ್ಟನ್ ಓಡಾಡುವ ಉದ್ದವೂ 14 ಇಂಚು. ನಾವು ಉಣ್ಣುವ ತಟ್ಟೆಗಿಂತ ಅಗಲದ ಪಿಸ್ಟನ್! ಲೆಕ್ಕ ಹಾಕಿದರೆ ಒಂದು ಸಿಲಿಂಡರಿನಲ್ಲೇ ಸುಮಾರು 35 ಲೀಟರ್ ಜಾಗ. ಇಷ್ಟಾಗಿ ಅದರಿಂದ ಸಿಗುತ್ತಿದ್ದ ಶಕ್ತಿ 16 ಎಚ್‌ಪಿ. ಇವತ್ತಿನ ಸಣ್ಣ ಟ್ರ್ಯಾಕ್ಟರ್ ಅದಕ್ಕಿಂತ ಜಾಸ್ತಿ ಶಕ್ತಿಯನ್ನು ಮೂರು ಲೀಟರಿಗಿಂತ ಕಮ್ಮಿ ಎಂಜಿನ್ನಿನಲ್ಲಿ ಕೊಡುತ್ತದೆ. ಮರದ ಚೌಕಟ್ಟು, ಮಧ್ಯೆ ಈ ದೈತ್ಯ ಸಿಲಿಂಡರ್, ಮುಂದುಗಡೆ ಸ್ಟೀರಿಂಗ್ ಚಕ್ರ ಹಿಡಿದು ಓಡಿಸುವವನು. ಗಂಟೆಗೆ ಸುಮಾರು ಮೂರು ಮೈಲಿ ವೇಗ, ಅಂದರೆ ಆಳು ಮಾಮೂಲಾಗಿ ನಡೆದಷ್ಟು.

ಈಗ ಗೇರಿನ ವಿಷಯ. ಹಬೆ ಎಂಜಿನ್ನನ್ನು ಹಿಂದಕ್ಕೆ ಓಡಿಸಬೇಕಾದರೆ ಒಂದು ಲಿವರ್ ಎಳೆದರಾಯಿತು, ಎಂಜಿನ್ನೇ ಉಲ್ಟಾ ತಿರುಗುತ್ತದೆ. ಪೆಟ್ರೋಲ್ ಎಂಜಿನ್ ತಿರುಗುವುದು ಒಂದೇ ಕಡೆಗೆ. ಹಾಗಾಗಿ ಗಾಡಿ ಹಿಂದೆ ಸರಿಯಬೇಕಾದರೆ ಪ್ರತ್ಯೇಕ ರಿವರ್ಸ್ ಗೇರು ಬೇಕೇ ಬೇಕು. ಮುಂದಕ್ಕೂ ಹಿಂದಕ್ಕೂ ಸರಿಯಾಗಿ ಓಡಿದ ಮೊದಲ ಪೆಟ್ರೋಲ್ ಟ್ರ್ಯಾಕ್ಟರ್ ಅಂತ ಆತನದನ್ನು ಹೇಳುತ್ತಾರೆ.

ಹಿಂದಕ್ಕೆ ಓಡುವುದೇನು ದೊಡ್ಡ ವಿಷಯ ಅನ್ನಿಸಬಹುದು. ಒಕ್ಕಣೆ ಮಾಡಿದವನಿಗೆ ಅದು ದೊಡ್ಡ ವಿಷಯ. ಎಂಜಿನ್ನನ್ನು ರಾಶಿ ಮಿಷನ್‌ಗೆ ಎದುರಾಗಿ ತಂದು ನಿಲ್ಲಿಸಬೇಕು. ಎರಡರ ಮಧ್ಯೆ ಉದ್ದನೆಯ ಬೆಲ್ಟು ಹಾಕಬೇಕು. ಆಮೇಲೆ ಎಂಜಿನ್ನನ್ನು ಮೆಲ್ಲಗೆ, ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿಸುತ್ತಾ ಬೆಲ್ಟನ್ನು ಬಿಗಿ ಮಾಡಬೇಕು. ಸಡಿಲ ಇದ್ದರೆ ಬೆಲ್ಟು ಜಾರುತ್ತದೆ, ಇಲ್ಲವೇ ಕಳಚಿ ಬೀಳುತ್ತದೆ. ಹಿಂದಕ್ಕೆ ಸರಿಯದ ಎಂಜಿನ್ನಿನಿಂದ ಈ ಕೆಲಸ ನೆಟ್ಟಗೆ ಆಗುವುದಿಲ್ಲ. ಕಣದಲ್ಲಿ ವರ್ಷಗಟ್ಟಲೆ ನಿಂತವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ.

52 ದಿನ

ಆ ವರ್ಷದ ಸುಗ್ಗಿಗೆ ಆತ ಗಾಡಿಯನ್ನು ಸೌತ್ ಡಕೋಟಾದ ಲ್ಯಾಂಗ್‌ಫರ್ಡ್ ಎಂಬ ಊರಿಗೆ ಸಾಗಿಸಿದ. ಅಲ್ಲಿ ಕೇಸ್ ಕಂಪನಿಯ ರಾಶಿ ಮಿಷನ್‌ಗೆ ಬೆಲ್ಟು ಹಾಕಿ ಕೆಲಸಕ್ಕಿಳಿದ. 52 ದಿನದಲ್ಲಿ ಒಕ್ಕಿದ್ದು 72,000 ಬುಶೆಲ್. ಬುಶೆಲ್ ಅಂದರೆ ಅಲ್ಲಿ ಧಾನ್ಯ ಅಳೆಯುವ ಅಳತೆ. ದಿನಕ್ಕೆ ಸುಮಾರು 1,385 ಬುಶೆಲ್ ಆಯಿತು. ಅಷ್ಟೂ ಗೋಧಿಯೇ ಅಂತ ಇಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ದಿನಕ್ಕೆ ಮುನ್ನೂರೈವತ್ತು ಕ್ವಿಂಟಾಲಿಗೂ ಜಾಸ್ತಿ. ಎಂಜಿನ್ನಿಗಾಗಿ ಕಿಡಿ ಕಾಯುವುದು, ನೀರಿನ ಗಾಡಿ, ಬೆಳಗಿನ ಜಾವದ ಬೆಂಕಿ ಯಾವುದೂ ಇಲ್ಲದೆ ಇಡೀ ಸುಗ್ಗಿ ಮುಗಿಯಿತು.

ಒಂದು ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಫಲ ಬೇಕಾ? ಆತನಿಗೂ ಹಾಗೇ ಅನ್ನಿಸಿರಬೇಕು. ಗಾಡಿಯನ್ನು ವಾಟರ್ಲೂಗೆ ತಂದು ಅಲ್ಲಿನ ವ್ಯಾಪಾರಸ್ಥರಿಗೆ ತೋರಿಸಿದ. ಅವರು ಮೆಚ್ಚಿದರು, ದುಡ್ಡು ಹಾಕಲು ಒಪ್ಪಿದರು. 1893ರ ಜನವರಿಯಲ್ಲಿ ವಾಟರ್ಲೂ ಗ್ಯಾಸೊಲಿನ್ ಟ್ರ್ಯಾಕ್ಷನ್ ಎಂಜಿನ್ ಕಂಪನಿ ಹುಟ್ಟಿತು. ಗ್ಯಾಸೊಲಿನ್ ಅಂದರೆ ಪೆಟ್ರೋಲ್, ಟ್ರ್ಯಾಕ್ಷನ್ ಎಂಜಿನ್ ಅಂದರೆ ಚಕ್ರದ ಮೇಲೆ ತಾನೇ ಓಡಾಡಿ ಎಳೆಯುವ ಎಂಜಿನ್. ‘ಟ್ರ್ಯಾಕ್ಟರ್’ ಎಂಬ ಮಾತು ಆಗಿನ್ನೂ ಚಾಲ್ತಿಗೆ ಬಂದಿರಲಿಲ್ಲ.

ವಾಟರ್ಲೂದಲ್ಲಿ ನಡೆದದ್ದು

ಕಂಪನಿ ನಾಲ್ಕು ಗಾಡಿ ಕಟ್ಟಿತು. ಎರಡು ಮಾರಾಟವಾದವು. ಕೊಂಡವರು ಎರಡನ್ನೂ ಹಿಂದಕ್ಕೆ ಕೊಟ್ಟರು.

ಲ್ಯಾಂಗ್‌ಫರ್ಡ್‌ನಲ್ಲಿ 52 ದಿನ ಓಡಿದ್ದು ಇಲ್ಲಿ ಯಾಕೆ ಓಡಲಿಲ್ಲ? ಆ ಕಾಲದ ಪೆಟ್ರೋಲ್ ಎಂಜಿನ್‌ಗಳು ಯಾವಾಗ ಕೈಕೊಡುತ್ತವೋ ಹೇಳಲಾಗುತ್ತಿರಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕ್ರಮ ಇನ್ನೂ ಒರಟು, ಕಿಡಿ ಹೊತ್ತಿಸುವ ವ್ಯವಸ್ಥೆಯೂ ಒರಟು. ಒಂದು ದಿನ ಚಾಲೂ ಆದದ್ದು ಮರುದಿನ ಹಟ ಹಿಡಿಯುವುದು ಮಾಮೂಲು. ಹಬೆ ಎಂಜಿನ್ ಬಲ್ಲ ಕೈಗಳು ಹಳ್ಳಿ ಹಳ್ಳಿಯಲ್ಲೂ ಇದ್ದವು. ಪೆಟ್ರೋಲ್ ಎಂಜಿನ್ ಬಿಚ್ಚಿ ನೋಡಿದವರು ಎಷ್ಟು ಜನ ಇದ್ದಾರು?

ಲ್ಯಾಂಗ್‌ಫರ್ಡ್‌ನ ಗಾಡಿಯ ಜೊತೆ ಅದನ್ನು ಕಟ್ಟಿದವನೇ ಇದ್ದ. ಎಂಜಿನ್ನಿನ ಸದ್ದು ಚೂರು ಬದಲಾದರೂ ಏನಾಗಿದೆ ಅಂತ ಆತನಿಗೆ ತಿಳಿಯುತ್ತಿತ್ತು. ಎಲ್ಲಿ ಏನು ತಿರುವಬೇಕು ಅನ್ನುವುದು ಆತನ ಕೈಗೆ ಗೊತ್ತಿತ್ತು. ಆ 52 ದಿನ ಪರೀಕ್ಷೆಯಾದದ್ದು ಗಾಡಿ ಒಂದೇ ಅಲ್ಲ, ಗಾಡಿ ಮತ್ತು ಅದನ್ನು ಕಟ್ಟಿದವನು ಸೇರಿ. ಮಾರಾಟವಾದದ್ದು ಮಾತ್ರ ಬರೀ ಗಾಡಿ. ನಾನು ಈ ಪ್ರಕರಣ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ವಾಟರ್ಲೂದ ವ್ಯಾಪಾರಸ್ಥರು ಕಣ್ಣಾರೆ ಕಂಡು ನಂಬಿದ ಯಂತ್ರದ ಅರ್ಧ ಭಾಗವನ್ನು ರೈತನಿಗೆ ಕಳಿಸಲು ಸಾಧ್ಯವೇ ಇರಲಿಲ್ಲ.

ಕಾಲವೂ ಕೆಟ್ಟದಾಗಿತ್ತು. 1893ರಲ್ಲೇ ಅಮೆರಿಕದಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಮುಚ್ಚಿದವು. ಧಾನ್ಯದ ಬೆಲೆ ನೆಲಕಚ್ಚಿತ್ತು. ಹೊಸ ಯಂತ್ರ ಕೊಂಡು ನೋಡುವ ಧೈರ್ಯ ಯಾವ ರೈತನಿಗೆ ಬರಬೇಕು?

ಕಂಪನಿ ಉಳಿಯಬೇಕಿತ್ತು. ಪಾಲುದಾರರು ಒಂದೇ ಕಡೆ ನಿಂತು ಕೆಲಸ ಮಾಡುವ ಎಂಜಿನ್‌ಗಳ ಕಡೆ ತಿರುಗಿದರು. ನೀರೆತ್ತಲು, ಮೇವು ನುರಿಯಲು, ಸೌದೆ ಕೊಯ್ಯಲು ರೈತರಿಗೆ ಅಂಥ ಎಂಜಿನ್ ಬೇಕಿತ್ತು. ಅದು ಕೆಟ್ಟರೂ ಮನೆ ಹಿತ್ತಲಲ್ಲೇ ಇರುತ್ತದೆ, ನಡುಹೊಲದಲ್ಲಿ ಕೈಬಿಡುವುದಿಲ್ಲ. 1895ರಲ್ಲಿ ಕಂಪನಿಯನ್ನು ಹೊಸದಾಗಿ ಕಟ್ಟಿಕೊಂಡರು. ಹೆಸರು ವಾಟರ್ಲೂ ಗ್ಯಾಸೊಲಿನ್ ಎಂಜಿನ್ ಕಂಪನಿ ಎಂದಾಯಿತು. ‘ಟ್ರ್ಯಾಕ್ಷನ್’ ಎಂಬ ಒಂದು ಪದವನ್ನು ಹೆಸರಿನಿಂದಲೇ ತೆಗೆದುಹಾಕಿದರು. ಆ ಒಂದು ಪದಕ್ಕಾಗಿಯೇ ಆತ ಅಲ್ಲಿಗೆ ಬಂದಿದ್ದ. ಆತ ಹೊರಟುಹೋದ.

ಈ ಪ್ರಕರಣ ನೆನಪಾದಾಗಲೆಲ್ಲ ನನಗೆ ಸಂಕಟ ಆಗುವುದು ಇಲ್ಲೇ. ಯಾರದೂ ಮೋಸ ಇಲ್ಲ, ಯಾರದೂ ದುರಾಸೆ ಕಾಣುವುದಿಲ್ಲ. ಆದರೂ ಹೀಗಾಯಿತು.

ಆತ ಹೊರಟ ಮೇಲೆ

1896ರಲ್ಲಿ ಒಂದು, 1897ರಲ್ಲಿ ಒಂದು ಟ್ರ್ಯಾಕ್ಟರ್ ಮಾರಿದ್ದು ಬಿಟ್ಟರೆ ಕಂಪನಿ ಬಹಳ ವರ್ಷ ಆ ಕಡೆ ತಲೆ ಹಾಕಲಿಲ್ಲ. ನಿಂತು ಕೆಲಸ ಮಾಡುವ ಎಂಜಿನ್‌ಗಳು ಚೆನ್ನಾಗಿ ಮಾರಾಟವಾದವು. ಅವುಗಳಿಗೆ ವಾಟರ್ಲೂ ಬಾಯ್ ಅಂತ ಹೆಸರು ಬಂತು. ಆ ದುಡ್ಡಿನಲ್ಲಿ ಕಾರ್ಖಾನೆ ಬೆಳೆಯಿತು, ಎಂಜಿನ್ ಬಲ್ಲ ಕೆಲಸಗಾರರು ಬೆಳೆದರು. ಆಮೇಲೆ ಮತ್ತೆ ಟ್ರ್ಯಾಕ್ಟರಿಗೆ ಕೈ ಹಾಕಿದರು. 1914ರಲ್ಲಿ ವಾಟರ್ಲೂ ಬಾಯ್ ಮಾಡೆಲ್ ಆರ್ ಬಂತು, 1917ರಲ್ಲಿ ಮಾಡೆಲ್ ಎನ್. ಎರಡು ಸಿಲಿಂಡರಿನ, ಸೀಮೆಎಣ್ಣೆಯಲ್ಲಿ ಓಡುವ ಗಾಡಿಗಳು.

ಅತ್ತ ನೇಗಿಲಿಗೆ ಹೆಸರಾದ ಜಾನ್ ಡಿಯರ್ ಕಂಪನಿ 1912ರಿಂದ ತನ್ನದೇ ಟ್ರ್ಯಾಕ್ಟರ್ ಮಾಡಲು ಹೆಣಗುತ್ತಿತ್ತು. ಒಂದೆರಡು ಮಾದರಿ ಕಟ್ಟಿ ನೋಡಿತು. ಒಂದು ಮಾದರಿಯನ್ನು ನೂರರ ಹತ್ತಿರ ತಯಾರಿಸಿತು ಕೂಡ. ಆದರೆ ಅದು ದುಬಾರಿ. ಕೊನೆಗೆ 1918ರಲ್ಲಿ ವಾಟರ್ಲೂ ಕಂಪನಿಯನ್ನೇ ಕೊಂಡುಬಿಟ್ಟರು. 1923ರಲ್ಲಿ ಅಲ್ಲಿಂದ ಮಾಡೆಲ್ ಡಿ ಹೊರಬಂತು. ಅದೂ ಎರಡು ಸಿಲಿಂಡರಿನದೇ, 1953ರ ತನಕ ಮೂವತ್ತು ವರ್ಷ ತಯಾರಾಯಿತು. ಆ ಕಂಪನಿಯ ಟ್ರ್ಯಾಕ್ಟರ್‌ಗಳಿಗೆ ವಾಟರ್ಲೂ ಇವತ್ತಿಗೂ ದೊಡ್ಡ ಕೇಂದ್ರ. ನಮ್ಮ ಹೊಲಗಳಲ್ಲಿ ಓಡುವ ಹಸಿರು ಟ್ರ್ಯಾಕ್ಟರ್‌ಗಳು ಪುಣೆಯ ಕಡೆಯಿಂದ ಬರುತ್ತವೆ, ಆದರೆ ಅವುಗಳ ವಂಶಾವಳಿ ಹುಡುಕುತ್ತಾ ಹೋದರೆ ಸಿಗುವುದು ಆ ಕಮ್ಮಾರನ ಜೊತೆ ಕಟ್ಟಿದ ಮರದ ಚೌಕಟ್ಟಿನ ಗಾಡಿಯೇ.

ಇನ್ನೊಂದು ಕೊಂಡಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ವಾಟರ್ಲೂ ಬಾಯ್ ಗಾಡಿಗಳನ್ನು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ‘ಓವರ್‌ಟೈಮ್’ ಅನ್ನುವ ಹೆಸರಿನಲ್ಲಿ ಮಾರುತ್ತಿದ್ದರು. ಬೆಲ್‌ಫಾಸ್ಟ್‌ನಲ್ಲಿ ಅದನ್ನು ಮಾರಿದವರು ಹ್ಯಾರಿ ಫರ್ಗುಸನ್. ಟ್ರ್ಯಾಕ್ಟರ್ ಬೇರೆ, ಹಿಂದೆ ಎಳೆಯುವ ನೇಗಿಲು ಬೇರೆ ಆಗಿದ್ದದ್ದರ ಕಷ್ಟವನ್ನು ಅವರು ಹೊಲದಲ್ಲೇ ಕಂಡರು. ಮುಂದೆ ಅವರಿಂದ ಬಂದದ್ದೇ ಲಿವರ್ ಮುಟ್ಟಿದರೆ ನೇಗಿಲನ್ನು ಎತ್ತುವ ಹೈಡ್ರಾಲಿಕ್ ಮತ್ತು ಮೂರು ಕೊಂಡಿಯ ಜೋಡಣೆ. ಇವತ್ತು ನಮ್ಮೂರಿನ ರೋಟವೇಟರ್ ಏಳುವುದು, ಇಳಿಯುವುದು ಅದರಿಂದಲೇ.

ಆತನ ಕಥೆ? ಆತ ಯಂತ್ರಗಳ ಸಹವಾಸ ಬಿಡಲಿಲ್ಲ. ಆದರೆ ಆತನ ಹೆಸರಿನ ಟ್ರ್ಯಾಕ್ಟರ್ ಯಾವುದೂ ಮತ್ತೆ ಪೇಟೆಯಲ್ಲಿ ನೆಲೆ ನಿಲ್ಲಲಿಲ್ಲ. 1933ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ತೀರಿಕೊಂಡಾಗ ಆತನಿಗೆ 83 ವರ್ಷ. ಅಷ್ಟೊತ್ತಿಗೆ ಮಾಡೆಲ್ ಡಿ ಬಂದು ಹತ್ತು ವರ್ಷ ಆಗಿತ್ತು.

ತೀರ್ಮಾನಗಳನ್ನು ತೂಗಿದಾಗ

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ. ದೂರದೃಷ್ಟಿಯ ಮನುಷ್ಯ ಒಂದು ಕಡೆ, ಮೂಗಿನ ತುದಿಯಾಚೆ ನೋಡದ ವ್ಯಾಪಾರಸ್ಥರು ಇನ್ನೊಂದು ಕಡೆ. ನಾನು ಇದನ್ನು ಒಪ್ಪುವುದಿಲ್ಲ. 1895ರಲ್ಲಿ ಪಾಲುದಾರರು ಟ್ರ್ಯಾಕ್ಟರನ್ನೇ ಹಿಡಿದು ಕೂತಿದ್ದರೆ ಕಂಪನಿ ಮುಳುಗುತ್ತಿತ್ತು. ಆಗ 1914ರಲ್ಲಿ ಟ್ರ್ಯಾಕ್ಟರ್ ಮಾಡಲು ಕಾರ್ಖಾನೆಯೂ ಇರುತ್ತಿರಲಿಲ್ಲ, ಕೈಗಳೂ ಇರುತ್ತಿರಲಿಲ್ಲ. ಹಿತ್ತಲಲ್ಲಿ ನೀರೆತ್ತಿದ ಆ ಎಂಜಿನ್‌ಗಳೇ ಟ್ರ್ಯಾಕ್ಟರಿನ ಖರ್ಚು ಹೊತ್ತವು.

ಇದಕ್ಕೆ ಸಾಕ್ಷಿ ಅದೇ ಅಯೋವಾ ರಾಜ್ಯದಲ್ಲಿದೆ. ಹಾರ್ಟ್ ಮತ್ತು ಪಾರ್ ಎಂಬ ಇಬ್ಬರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. 1897ರಲ್ಲಿ ಮ್ಯಾಡಿಸನ್‌ನಲ್ಲಿ ಕಂಪನಿ ಕಟ್ಟಿ ಮೊದಲು ನಿಂತು ಕೆಲಸ ಮಾಡುವ ಎಂಜಿನ್‌ಗಳನ್ನೇ ಮಾರಿದರು. ಆಮೇಲೆ ಅಯೋವಾದ ಚಾರ್ಲ್ಸ್ ಸಿಟಿಗೆ ಬಂದು ಟ್ರ್ಯಾಕ್ಟರ್ ಶುರು ಮಾಡಿದರು. ಅವರ ಗಾಡಿಗಳು ಮಾರಾಟವಾದವು, ವಾಪಸ್ ಬರಲಿಲ್ಲ. ‘ಟ್ರ್ಯಾಕ್ಟರ್’ ಎಂಬ ಪದವನ್ನು 1906ರ ಹೊತ್ತಿಗೆ ಜಾಹೀರಾತಿನಲ್ಲಿ ಓಡಿಸಿದ್ದೂ ಅವರ ಕಂಪನಿಯೇ. ಅವರು ಹೋದ ದಾರಿಯೂ ಮೊದಲು ನಿಂತ ಎಂಜಿನ್, ಆಮೇಲೆ ಓಡುವ ಎಂಜಿನ್.

ಹಾಗಂತ ಆತ ಹೊರಟದ್ದು ತಪ್ಪು ಅನ್ನಲೂ ನನಗೆ ಬಾಯಿ ಬರುವುದಿಲ್ಲ. ಆತನಿಗೆ ಆಗ ನಲವತ್ತೈದು ದಾಟಿತ್ತು. ಇನ್ನೆಷ್ಟು ಸುಗ್ಗಿ ಕಾಯಬೇಕು? ಆದರೆ ಹೊರಟಾಗ ಆತ ಬಿಟ್ಟದ್ದು ಬರೀ ಪಾಲುದಾರರನ್ನಲ್ಲ. ವಾಪಸ್ ಬಂದ ಆ ಎರಡು ಗಾಡಿಗಳನ್ನೂ ಅಲ್ಲೇ ಬಿಟ್ಟ. ಯಾವ ಭಾಗ ಮೊದಲು ಕೆಟ್ಟಿತು? ಕೊಂಡವನು ಏನನ್ನು ಸರಿ ಮಾಡಿಕೊಳ್ಳಲಾಗದೆ ಸೋತ? ಯಾವ ಭಾಗ ಊರಿನ ಕಮ್ಮಾರನ ಕೈಗೆ ನಿಲುಕಲಿಲ್ಲ? ಇದಕ್ಕೆಲ್ಲ ಉತ್ತರ ಇದ್ದದ್ದು ಆ ಗಾಡಿಗಳಲ್ಲೇ. 52 ದಿನದ ಗೆಲುವು ಕಲಿಸಲಾಗದ್ದನ್ನು ಅವು ಕಲಿಸಬಹುದಿತ್ತು. ಬೇರೆ ಏನಿಲ್ಲದಿದ್ದರೂ, ಕಟ್ಟಿದವನು ಒಂದು ಸುಗ್ಗಿ ಪೂರ್ತಿ ಗಾಡಿ ಮುಟ್ಟದೆ, ಬೇರೆಯವರ ಕೈಗೆ ಕೊಟ್ಟು, ಬದಿಗೆ ನಿಂತು ನೋಡಿದ್ದರೆ ಮಾರುವ ಮೊದಲೇ ಅರ್ಧ ವಿಷಯ ಗೊತ್ತಾಗುತ್ತಿತ್ತು.

ಅಂಥ ಪರೀಕ್ಷೆ ಆ ಕಾರ್ಖಾನೆಯ ಗಾಡಿಗೆ ಕೊನೆಗೂ ಆಯಿತು. ಕೆಟ್ಟ ಟ್ರ್ಯಾಕ್ಟರ್‌ಗಳನ್ನು ಕೊಂಡು ರೈತರು ರೋಸಿಹೋದ ಮೇಲೆ ನೆಬ್ರಾಸ್ಕಾ ರಾಜ್ಯ 1919ರಲ್ಲಿ ಒಂದು ಕಾಯಿದೆ ತಂದಿತು. ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡದ ಟ್ರ್ಯಾಕ್ಟರನ್ನು ಆ ರಾಜ್ಯದಲ್ಲಿ ಮಾರುವಂತಿಲ್ಲ. ಮಾರುವ ಕಂಪನಿ ಬಿಡಿಭಾಗಗಳನ್ನು ರಾಜ್ಯದೊಳಗೇ ದಾಸ್ತಾನು ಇಡಬೇಕು. 1920ರ ವಸಂತದಲ್ಲಿ ಲಿಂಕನ್ ನಗರದಲ್ಲಿ ಮೊದಲ ಪರೀಕ್ಷೆ ನಡೆಯಿತು. ಗಾಡಿ ವಾಟರ್ಲೂ ಬಾಯ್ ಮಾಡೆಲ್ ಎನ್. ಎಳೆಯಲು 12 ಎಚ್‌ಪಿ, ಬೆಲ್ಟಿಗೆ 25 ಎಚ್‌ಪಿ ಅಂತ ಕಂಪನಿ ಹೇಳಿಕೊಂಡಿದ್ದ ಗಾಡಿ ಅದು. ವಿಶ್ವವಿದ್ಯಾಲಯದವರು ಅದಕ್ಕೆ ಬೆಲ್ಟು ಹಾಕಿ, ಭಾರ ಎಳೆಸಿ, ಬಂದ ಲೆಕ್ಕವನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟರು. ಆ ದಾಖಲೆಗೆ ಇವತ್ತಿಗೂ ಹೆಸರು ಪರೀಕ್ಷೆ ನಂಬರ್ 1.